ಸಮುದ್ರ ಸೇರದ ಹೊಳೆ

ಹೋದ ಸೆಪ್ಟೆಂಬರಿನಲ್ಲಿ ನಾನು, ನನ್ನ ಹೆಂಡತಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮೂರು ಫ್ರೀಮಾಂಟ್‌ನಿಂದ ಸಾಲ್ಟ್ ಲೇಕ್ ಸಿಟಿಗೆ ಕಾರಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಸಿಗುವ ನೆವಾಡಾ ರಾಜ್ಯದಲ್ಲಿ ಐ-80 ಹೆದ್ದಾರಿ ಬಹಳ ದೂರ ಹಂಬೋಲ್ಟ್ ನದಿಯ ಜೊತೆಗೇ ಸಾಗುತ್ತದೆ. ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೇನೆ. ಅಲ್ಲೊಂದು ನದಿ ಇದೆ ಅಂತ ಗಮನಿಸಿರಲೇ ಇಲ್ಲ. ಈ ಸಲ ಹಳೆಯ ಕಾಲದವರ ಪ್ರವಾಸದ ಬರಹಗಳನ್ನು ಓದಿಕೊಂಡಿದ್ದೆ. ವಿನಮುಕ್ಕ ಊರಿನ ಹತ್ತಿರ ಕಾರು ನಿಲ್ಲಿಸಿ ದಡಕ್ಕೆ ಇಳಿದೆ.

ರಾಡಿ ನೀರು. ನಾನು ನಿಂತಲ್ಲಿ ಮೊಣಕಾಲಿನಷ್ಟೂ ಆಳ ಇರಲಿಲ್ಲ. ದಡದ ಮಣ್ಣಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಪದರ. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು, ಕೆಳಗೆ ಇನ್ನೂ ಹಸಿ ಕೆಸರು. ಆಚೆ ದಡದಲ್ಲಿ ಒಂದಿಷ್ಟು ವಿಲ್ಲೋ ಗಿಡ, ಅದರಾಚೆ ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಸೇಜ್‌ಬ್ರಷ್ ಪೊದೆಗಳು.

1828ರಲ್ಲಿ ಬೀವರ್ ಎಂಬ ಪ್ರಾಣಿಯ ತುಪ್ಪಳಕ್ಕಾಗಿ ಇಲ್ಲಿಗೆ ಬಂದ ಪೀಟರ್ ಸ್ಕೀನ್ ಆಗ್ಡನ್ ಇದನ್ನು 'ಗೊತ್ತಿಲ್ಲದ ನದಿ' ಎಂದು ಕರೆದರು. ಹಂಬೋಲ್ಟ್ ಎಂಬ ಹೆಸರಿಟ್ಟವರು 1845ರಲ್ಲಿ ಬಂದ ಅನ್ವೇಷಕ ಜಾನ್ ಫ್ರೀಮಾಂಟ್. ನಾವಿರುವ ಊರಿಗೂ ಅವರದೇ ಹೆಸರು. ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಮಾತ್ರ ಈ ನದಿಯನ್ನು ಕಣ್ಣಾರೆ ನೋಡಲೇ ಇಲ್ಲ.

1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ ಸಾವಿರಾರು ಜನ ಎತ್ತಿನ ಗಾಡಿಗಳಲ್ಲಿ ಈ ದಡ ಹಿಡಿದೇ ನಡೆದರು. ನೀರು ಸವಳು. ಮುಂದೆ ಹೋದವರ ದನಗಳು ಹುಲ್ಲೆಲ್ಲ ಮೇಯ್ದು ಮುಗಿಸಿರುತ್ತಿದ್ದವು. ಕೊನೆಗೆ ನದಿಯೇ ಮರುಭೂಮಿಯಲ್ಲಿ ಇಂಗಿ, ಆರಿ ಮಾಯ! ಅಲ್ಲಿಂದಾಚೆ 40 ಮೈಲಿ ಕುಡಿಯುವ ನೀರಿಲ್ಲದ ದಾರಿ. 1859ರಲ್ಲಿ ಬಂದ ಪತ್ರಕರ್ತ ಹೊರೇಸ್ ಗ್ರೀಲಿ, ಇಷ್ಟು ಉದ್ದದ ನದಿಗಳಲ್ಲಿ ಇಷ್ಟು ಕೆಟ್ಟದ್ದು ಭೂಮಿ ಮೇಲೆ ಇನ್ನೊಂದಿಲ್ಲ ಅಂತ ಬೈದು ಬರೆದರು. 1861ರಲ್ಲಿ ಹಾದುಹೋದ ಮಾರ್ಕ್ ಟ್ವೇನ್, ಈ ನದಿಯನ್ನು ಹಾರಿ ಹಾರಿ ದಾಟಿ, ಮೈ ಬಿಸಿಯಾದ ಮೇಲೆ ಪೂರ್ತಿ ಕುಡಿದು ಮುಗಿಸಬಹುದು ಅಂತ ತಮಾಷೆ ಮಾಡಿದರು. ಬಾಯಾರಿ ಬಂದವರು ಬೈದದ್ದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅವರೆಲ್ಲ ಹಾದುಹೋದವರು, ಅಲ್ವಾ?

ಇಲ್ಲೇ ಬದುಕಿದ್ದವರು ಈ ನೆಲದ ಮೂಲನಿವಾಸಿಗಳಾದ ಪಾಯೂಟ್ ಮತ್ತು ಶೋಶೋನಿ ಜನ. ಪಾಯೂಟ್ ಮುಖಂಡ ವಿನಮುಕ್ಕನ ಮಗಳು ಸಾರಾ ವಿನಮುಕ್ಕ 1883ರಲ್ಲಿ ತಮ್ಮ ಜನರ ಕಥೆ ಬರೆದರು. ಬಿಳಿಯರು ಮೊದಲು ಕಾಣಿಸಿಕೊಂಡಾಗ ಅವರ ಅಜ್ಜ ಇದೇ ನದಿ ಕೊನೆಗೊಳ್ಳುವ ಹಂಬೋಲ್ಟ್ ಕೆರೆಯ ಹತ್ತಿರ ಬಿಡಾರ ಹೂಡಿದ್ದರಂತೆ. ಇನ್ನೊಮ್ಮೆ ಬಿಳಿಯರು ಬರುತ್ತಿದ್ದಾರೆ ಅಂತ ಸುದ್ದಿ ಬಂದಾಗ, ಎತ್ತಿಕೊಂಡು ಓಡಲಾರದ ತಾಯಿ ಪುಟ್ಟ ಸಾರಾಳನ್ನೂ ಇನ್ನೊಂದು ಮಗುವನ್ನೂ ಮಣ್ಣಿನಲ್ಲಿ ಹೂತು ಅಡಗಿಸಿದರು. ಮುಖಕ್ಕೆ ಬಿಸಿಲು ಬಡಿಯದಿರಲಿ ಅಂತ ಸೇಜ್‌ಬ್ರಷ್ ಗಿಡ ನೆಟ್ಟರು. ಇಡೀ ದಿನ ಮಕ್ಕಳು ಉಸಿರು ಬಿಗಿಹಿಡಿದು ಹಾಗೇ ಇದ್ದವು. ರಾತ್ರಿಯಾದ ಮೇಲೆ ಬಂದು ಹೊರತೆಗೆದರು.

ಅದನ್ನು ಓದಿದ್ದರಿಂದಲೇ ನಾನು ಅವತ್ತು ದಡಕ್ಕೆ ಇಳಿದದ್ದು. ಈಚೆ ದಡದಲ್ಲಿದ್ದ ಸೇಜ್‌ಬ್ರಷ್ ಪೊದೆಯಿಂದ ಸುಮ್ನೆ ಒಂದು ಎಲೆ ಕಿತ್ತು ಉಜ್ಜಿದೆ. ಕರ್ಪೂರದಂಥ ಕಟು ವಾಸನೆ. ಎಲೆ ಉಗುರಿನಷ್ಟು ಅಗಲವೂ ಇಲ್ಲ. ಕೂತು, ಪೊದೆಯ ಕೆಳಗೆ ಅಂಗೈ ಚಾಚಿ ನೋಡಿದೆ. ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಅಂಗೈ ಮೇಲೆ ಬೀಳುತ್ತಲೇ ಇತ್ತು.