ತುಳಸಿ ಎಣ್ಣೆ, ಆದರೆ ಯಾವ ತುಳಸಿ?

12 ಜುಲೈ 2025, ಶನಿವಾರ
ಬೆಂಗಳೂರು

ಇವತ್ತು ಲ್ಯಾಬಿನಲ್ಲಿ ದೊಡ್ಡಪತ್ರೆಯ ಸರದಿ. ಎಲೆ ಹೆಚ್ಚಿ ನೀರಿಗೆ ಹಾಕಿ, ಕ್ಲೆವೆಂಜರ್ ಉಪಕರಣದಲ್ಲಿ ಮೂರು ಗಂಟೆ ಕುದಿಸಿದೆವು. ಹಬೆಯ ಜೊತೆ ಎಣ್ಣೆ ಮೇಲೇರಿ, ತಣ್ಣಗಾಗಿ, ಗೀಟು ಹಾಕಿದ ಗಾಜಿನ ಕೊಳವೆಯಲ್ಲಿ ನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಫ್ಲಾಸ್ಕ್ ತುಂಬಾ ಎಲೆ ಹಾಕಿದರೂ ಸಿಗುವುದು ಒಂದಿಷ್ಟು ಹನಿ. ಇಡೀ ಕಾರಿಡಾರ್ ಮಾತ್ರ ಘಮ್ಮೆನ್ನುತ್ತಿತ್ತು.

ಮಧ್ಯಾಹ್ನ ಡಿಪಿಪಿಎಚ್ ಪರೀಕ್ಷೆ, ಅಂದ್ರೆ ಎಣ್ಣೆಗೆ ಆಂಟಿಆಕ್ಸಿಡೆಂಟ್ ಗುಣ ಎಷ್ಟಿದೆ ಎಂದು ನೋಡುವುದು. ಡಿಪಿಪಿಎಚ್ ಅಂದ್ರೆ ಮೆಥನಾಲ್‌ನಲ್ಲಿ ಕರಗಿಸಿದ ಗಾಢ ನೇರಳೆ ಬಣ್ಣದ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಫ್ರೀ ರ‍್ಯಾಡಿಕಲ್. ಯಾರಾದರೂ ಒಂದು ಹೈಡ್ರೋಜನ್ ಕೊಟ್ಟರೆ ಬಣ್ಣ ಬಿಟ್ಟು ಹಳದಿಯಾಗುತ್ತದೆ. ಅರ್ಧ ಗಂಟೆ ಕತ್ತಲಲ್ಲಿಟ್ಟು ತೆಗೆದಾಗ ದೊಡ್ಡಪತ್ರೆಯ ಟ್ಯೂಬು ಹಳದಿಗೆ ತಿರುಗಿತ್ತು. ಪಕ್ಕದ ನೀಲಗಿರಿ ಎಣ್ಣೆಯದು ಹೆಚ್ಚುಕಮ್ಮಿ ನೇರಳೆಯಾಗೇ ಇತ್ತು. ಮೂಗಿಗೆ ಜೋರಾಗಿ ಹೊಡೆಯೋದು ನೀಲಗಿರಿಯೇ ಅಲ್ವಾ? ಆದರೆ ವಾಸನೆಯ ಜೋರಿಗೂ ಈ ಗುಣಕ್ಕೂ ಸಂಬಂಧವಿಲ್ಲ. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್ ಇರುತ್ತದೆ, ಕೆಲವು ಗಿಡಗಳಲ್ಲಿ ಥೈಮಾಲ್ ಜಾಸ್ತಿ. ಥೈಮಾಲ್ ಅಂದ್ರೆ ನಮ್ಮ ಓಂಕಾಳಿನ ಘಾಟು. ಇವೆರಡೂ ಫಿನಾಲ್‌ಗಳು. ಇಂಗಾಲದ ಉಂಗುರಕ್ಕೆ ಅಂಟಿಕೊಂಡ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪಿನಿಂದ ಹೈಡ್ರೋಜನ್ ಸುಲಭವಾಗಿ ಬಿಟ್ಟುಕೊಡುತ್ತವೆ. ನೀಲಗಿರಿಯ ಮುಖ್ಯ ಅಂಶವಾದ ಸಿನಿಯೋಲ್‌ನಲ್ಲಿ ಓಎಚ್ ಗುಂಪೇ ಇಲ್ಲ.

ನನಗೆ ತಲೆ ಕೆಡಿಸಿರುವುದು ತುಳಸಿ. ಒಂದು ಗಿಡದ ಎಣ್ಣೆಯಲ್ಲಿ ಲವಂಗದಲ್ಲಿರುವ ಯೂಜಿನಾಲೇ ತುಂಬಿರುತ್ತದೆ, ಇನ್ನೊಂದರಲ್ಲಿ ಮೀಥೈಲ್ ಯೂಜಿನಾಲ್. ಹೆಸರಲ್ಲಿ ಒಂದೇ ಒಂದು ಮೀಥೈಲ್ (ಒಂದು ಇಂಗಾಲ, ಮೂರು ಹೈಡ್ರೋಜನ್‌ಗಳ ಗುಂಪು) ಜಾಸ್ತಿ, ಅಷ್ಟೇ. ಆದರೆ ಆ ಮೀಥೈಲ್ ಕೂರುವುದು ಸರಿಯಾಗಿ ಓಎಚ್‌ನ ಹೈಡ್ರೋಜನ್ ಇದ್ದ ಜಾಗದಲ್ಲಿ. ಕೊಡಲು ಹೈಡ್ರೋಜನ್ನೇ ಇಲ್ಲದ ಮೇಲೆ ನೇರಳೆ ಬಣ್ಣ ಹೋಗೋದು ಹೇಗೆ? ತಳಿ, ಮಣ್ಣು, ಕಾಲ, ಎಲೆಯ ಪ್ರಾಯ ಎಲ್ಲವೂ ಈ ಲೆಕ್ಕ ಬದಲಿಸುತ್ತವೆ. ಬಾಟಲಿ ಮೇಲೆ ಸುಮ್ನೆ ‘ಶುದ್ಧ ತುಳಸಿ ಎಣ್ಣೆ, ಆಂಟಿಆಕ್ಸಿಡೆಂಟ್’ ಅಂತ ಬರೆದರೆ ಸಾಲದು. ಒಳಗೆ ಯಾವುದು ಎಷ್ಟಿದೆ ಎಂದು ಬರೆಯಲೇಬೇಕು.

ಸಂಜೆ ಸೋದರತ್ತೆ ಫೋನ್ ಮಾಡಿದ್ದರು. “ಹಾಗಾದ್ರೆ ದಿನಾ ಎರಡು ಹನಿ ಕುಡಿಯಬಹುದೇನಮ್ಮಾ?”

“ಬೇಡ ಅತ್ತೆ. ಟ್ಯೂಬಿನಲ್ಲಿ ಬಣ್ಣ ಹೋಯಿತು ಅಂದ್ರೆ ಮೈಗೆ ಒಳ್ಳೇದು ಅಂತಲ್ಲ. ಎಣ್ಣೆ ಬಹಳ ತೀಕ್ಷ್ಣ, ಬಾಯಿ ಹೊಟ್ಟೆ ಉರಿಯುತ್ತೆ. ನೀವು ಮಾಡೋ ದೊಡ್ಡಪತ್ರೆ ತಂಬುಳಿನೇ ಮಾಡಿ.”

ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ತೋರಿಸುವ ಜಿಸಿ-ಎಂಎಸ್ ಯಂತ್ರದ ಸಮಯ ಸೋಮವಾರಕ್ಕೆ ಸಿಕ್ಕಿದೆ. ನಾಳೆ ಬೆಳಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ರಾಮ ತುಳಸಿ, ಕೃಷ್ಣ ತುಳಸಿ ಎರಡನ್ನೂ ತಂದು, ಬೇರೆ ಬೇರೆಯಾಗಿ ಎಣ್ಣೆ ಇಳಿಸಬೇಕು.