ಅಪ್ಪ ಕೇಳಿದ ಬೆಳ್ಳಿ ನೀರು

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಲ್ಯಾಬಿನಲ್ಲಿ ಅವತ್ತು ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಜೆಲ್ಲಿಯ ತುಂಬ ಸ್ಟೆಫಿಲೊಕಾಕಸ್, ಗಾಯ ಕೀವಾಗಿಸುವ ಬ್ಯಾಕ್ಟೀರಿಯಾ, ಮಸುಕು ಪೊರೆಯಂತೆ ಹಬ್ಬಿತ್ತು. ಪೆನಿಸಿಲಿನ್ ಹಾಕಿದ ಕಾಗದದ ಬಿಲ್ಲೆಯ ಅಂಚಿಗೂ ಮುತ್ತಿಕೊಂಡಿತ್ತು. ಬೆಳ್ಳಿಯ ನ್ಯಾನೊಕಣ ಹಾಕಿದ ಬಿಲ್ಲೆಯ ಹತ್ತಿರ ಮಾತ್ರ ಸುಳಿದಿರಲಿಲ್ಲ. ಸ್ಕೇಲಿಟ್ಟು ಅಳೆದೆ: 6 ಮಿ.ಮೀ. ಬಿಲ್ಲೆಯೂ ಸೇರಿ 14 ಮಿ.ಮೀ. ಅಗಲದ ತಿಳಿಯಾದ ವೃತ್ತ. ಎಷ್ಟು ಖುಷಿಯಾಯಿತೆಂದರೆ ಎರಡೆರಡು ಸಲ ಅಳೆದೆ.

ಆ ಕಣಗಳನ್ನು ನಾನೇ ತುಳಸಿ ಎಲೆಯ ಕಷಾಯದಿಂದ ಮಾಡಿದ್ದೆ. ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಕಷಾಯ ಬೆರೆಸಿಟ್ಟರೆ ತಿಳಿಹಳದಿ ನಿಧಾನವಾಗಿ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಕಣವಾಗಿದೆ ಎಂಬುದಕ್ಕೆ ಅದೇ ಮೊದಲ ಗುರುತು. ಇಷ್ಟು ಸಣ್ಣ ಕಣಗಳನ್ನು ಅಳೆಯುವುದು ನ್ಯಾನೊಮೀಟರಿನಲ್ಲಿ; ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಒಂದು ಜಾಗಕ್ಕೆ ಹೊಡೆಯುತ್ತದೆ. ಬೆಳ್ಳಿ ಹೊರಪೊರೆ ಕೆಡಿಸುತ್ತದೆ, ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ, ಡಿಎನ್‌ಎಯನ್ನೂ ಬಿಡುವುದಿಲ್ಲ. ಹಾಗಾಗಿ ತಪ್ಪಿಸಿಕೊಳ್ಳುವುದು ಕಷ್ಟ. ಅಸಾಧ್ಯವೇನಲ್ಲ, ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾಗಳು ಸುಟ್ಟಗಾಯದ ವಾರ್ಡುಗಳಲ್ಲೇ ಸಿಕ್ಕಿವೆ.

ಅಷ್ಟರಲ್ಲಿ ಅವ್ವನ ಫೋನ್. ಅಪ್ಪನ ಕಾಲಿನ ಗಾಯದ ಕೀವಿನ ಕಲ್ಚರ್ ರಿಪೋರ್ಟ್ ಬಂದಿದೆ, ಬಾ ಅಂತ. ಕೀವಿನ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಾಟುತ್ತದೆಂದು ನೋಡುವ ಪರೀಕ್ಷೆ ಅದು. ಮಂಡ್ಯದ ಬಸ್ಸು ಹಿಡಿದೆ.

ಗದ್ದೆಯಲ್ಲಿ ಕಬ್ಬಿನ ಕೂಳೆ ಅಪ್ಪನ ಅಂಗಾಲಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಿರಲಿಲ್ಲ. ಊದಿಕೊಂಡ ಮೇಲೆ ಚೀಟಿಯಿಲ್ಲದೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ಎರಡು ದಿನ ನುಂಗಿ, ಇಳಿಯಿತೆಂದು ಬಿಟ್ಟಿದ್ದರು. ಆಮೇಲೆ ಇನ್ನೊಂದು ಬಗೆಯದು. ಈಗ ರಿಪೋರ್ಟಿನ ಉದ್ದ ಪಟ್ಟಿಯಲ್ಲಿ ಒಂದರ ಕೆಳಗೊಂದು 'ಆರ್', 'ಆರ್', 'ಆರ್'. ಅಂದರೆ ಆ ಔಷಧಿ ನಾಟುವುದಿಲ್ಲ. ಕೊನೆಗೆ ಎರಡೇ 'ಎಸ್', ಅಂದರೆ ನಾಟುವಂಥವು; ಎರಡೂ ಇಂಜೆಕ್ಷನ್. ಔಷಧಿಗೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನ ಸತ್ತಿದ್ದಾರೆಂಬ ಅಂದಾಜನ್ನು ನಾನೇ ಸೆಮಿನಾರಿನಲ್ಲಿ ಓದಿದ್ದೆ. ಓದುವಾಗ ಗಂಟಲು ಕಟ್ಟಿರಲಿಲ್ಲ.

"ನೀನು ಬೆಳ್ಳಿ ನೀರು ಮಾಡ್ತೀನಿ ಅಂತಿದ್ದಲ್ಲವ್ವ, ಅದ್ನೇ ವಸಿ ತಂದು ಹಾಕ್ಬುಡು" ಅಂದರು ಅಪ್ಪ.

ಹಾಕಬೇಕೆಂದು ನನಗೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಪ್ಲೇಟಿನಲ್ಲಿ ರಕ್ತವಿಲ್ಲ, ಕೀವಿಲ್ಲ, ಮಾಂಸವಿಲ್ಲ. ಪ್ರಮಾಣ ಹೆಚ್ಚಾದರೆ ಅದೇ ಬೆಳ್ಳಿ ಹೊಸದಾಗಿ ಹುಟ್ಟುವ ಚರ್ಮದ ಕೋಶವನ್ನೂ ಕೊಲ್ಲುತ್ತದೆ. ಸುಟ್ಟಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲೂ ಬೆಳ್ಳಿ ಇದೆ, ನಿಜ. ಅದು ಎಷ್ಟೋ ಪರೀಕ್ಷೆ ದಾಟಿ ಬಂದದ್ದು. ನಾನು ಮಾಡಿದ್ದು ಇನ್ನೂ ಒಂದನ್ನೂ ದಾಟಿಲ್ಲ.

"ಅದು ಇನ್ನೂ ಔಷ್ದಿ ಆಗಿಲ್ಲ ಕನಪ್ಪ" ಅಂದೆ. ಅಪ್ಪ ಮುಖ ಸಣ್ಣದು ಮಾಡಿಕೊಂಡರು.

ಡಾಕ್ಟರು ಕೊಳೆತ ಮಾಂಸ ತೆಗೆದು ಗಾಯ ತೊಳೆದರು. ಎಸ್ ಇದ್ದ ಇಂಜೆಕ್ಷನ್ ಶುರುವಾಯಿತು. ರಾತ್ರಿ ಒಗೆಯಲೆಂದು ಅಪ್ಪನ ಅಂಗಿ ಎತ್ತಿಕೊಂಡೆ. ಜೇಬಿನಲ್ಲಿ ಏನೋ ಚರಚರ ಅಂತು. ಹತ್ತು ಮಾತ್ರೆಯ ಹಾಳೆ, ಆರು ಹಾಗೇ ಇದ್ದವು.

"ಇನ್ನೊಂದ್ಸಲ ಹಿಂಗಾದ್ರೆ ಬೇಕಾಯ್ತದೆ ಅಂತ ಮಡಗಿದ್ದೆ ಕನವ್ವ" ಅಂದರು.

ಅದನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.