ಶಿಶುವಿನ ಮಾಸ್ಕ್ ಎಲ್ಲಿರಬೇಕು?

ನಮ್ಮ ಆಂಬುಲೆನ್ಸಿನ ದಾಸ್ತಾನು ರಿಜಿಸ್ಟರಿನಲ್ಲಿ ಆ ರಾತ್ರಿಯೂ ಎಲ್ಲ ಸಾಲುಗಳಿಗೆ ಸರಿ ಗುರುತು ಬಿದ್ದಿತ್ತು. ಮುಖಕ್ಕೆ ಮಾಸ್ಕ್ ಇಟ್ಟು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ದೊಡ್ಡವರದು ಒಂದು, ಮಕ್ಕಳದು ಒಂದು, ನವಜಾತ ಶಿಶುವಿನದು ಒಂದು. ಎಂಟು ಗಂಟೆಗೆ ಪಾಳಿ ವಹಿಸಿಕೊಂಡು ಆ ಗುರುತುಗಳ ಕೆಳಗೆ ಸಹಿ ಮಾಡಿದವಳು ನಾನೇ.

ನಡುರಾತ್ರಿ ದಾಟಿದ ಮೇಲೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಹೆರಿಗೆ ನೋವಿನ ಕರೆ ಬಂತು. ಎರಡನೆಯ ಹೆರಿಗೆ. ಮಂಡ್ಯ ತಲುಪುವ ಮೊದಲೇ, ವಿ.ಸಿ. ನಾಲೆಯ ಪಕ್ಕದ ರಸ್ತೆಯಲ್ಲಿ, ಮಗುವಿನ ತಲೆ ಕಾಣಿಸಿತು. ಪೈಲಟ್ ಅಣ್ಣ ಗಾಡಿಯನ್ನು ಬದಿಗೆ ಹಾಕಿದರು. ನಮ್ಮಲ್ಲಿ ಆಂಬುಲೆನ್ಸ್ ಚಾಲಕರನ್ನು ಪೈಲಟ್ ಎಂದೇ ಕರೆಯುವುದು. ಮಗು ಹುಟ್ಟಿತು, ಅಳಲಿಲ್ಲ. ಬಟ್ಟೆಯಲ್ಲಿ ಒರೆಸಿದೆ, ಬೆನ್ನು ಉಜ್ಜಿದೆ, ಬಾಯಿ ಸ್ವಚ್ಛ ಮಾಡಿದೆ. ಕೈಕಾಲು ಜೋತುಬಿದ್ದೇ ಇದ್ದವು. ಹುಟ್ಟಿದ ಮಗು ತಾನಾಗಿ ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಮಾಸ್ಕ್ ಇಟ್ಟು ಉಸಿರು ಕೊಡಲು ತೊಡಗಬೇಕು ಎಂದು ತರಬೇತಿಯಲ್ಲಿ ನಮಗೆ ಎಷ್ಟೋ ಬಾರಿ ಹೇಳಿದ್ದಾರೆ. ಅದನ್ನು ಸುವರ್ಣ ನಿಮಿಷ ಎನ್ನುತ್ತಾರೆ.

ಮಾಸ್ಕ್ ಇತ್ತು. ತಾಯಿಯ ತಲೆಯ ಬದಿಯ ಕಪಾಟಿನಲ್ಲಿ, ಕೆಳಗಿನ ಬಾಗಿಲ ಹಿಂದೆ, ದೊಡ್ಡವರ ಅಂಬು ಬ್ಯಾಗಿನ ಅಡಿಯಲ್ಲಿ, ನೆಬ್ಯುಲೈಸರ್ ಮಾಸ್ಕುಗಳ ಜೊತೆ ಇತ್ತು. ನಾನಿದ್ದದ್ದು ಕಾಲ ಬದಿಯಲ್ಲಿ, ಹಿಂಬಾಗಿಲ ಹತ್ತಿರ. ಒಂದು ಕೈಯಲ್ಲಿ ಮಗು. ನಡುವೆ ಸ್ಟ್ರೆಚರು, ಅದರ ಪಕ್ಕದ ಸೀಟಿನಲ್ಲಿ ಬಾಣಂತಿಯ ಅತ್ತೆ ಮತ್ತು ಆಶಾ ಕಾರ್ಯಕರ್ತೆ. "ಅಣ್ಣ, ಚಿಕ್ಕ ಮಾಸ್ಕ್ ಕೊಡಿ" ಎಂದು ಕೂಗಿದೆ. ಅವರು ಪಕ್ಕದ ಬಾಗಿಲಿನಿಂದ ಹತ್ತಿ ಕೈಗೆ ಸಿಕ್ಕಿದ್ದನ್ನು ತೆಗೆದರು. ಅದು ದೊಡ್ಡವರದು. "ಇದಲ್ಲ ಅಣ್ಣ, ಇನ್ನೂ ಚಿಕ್ಕದು." ಎರಡನೆಯ ಬಾರಿ ಮಕ್ಕಳದು ಬಂತು. ಮೂರನೆಯ ಬಾರಿಗೆ ಸರಿಯಾದದ್ದು ಬಂತು. ಐದಾರು ಬಾರಿ ಉಸಿರು ಕೊಟ್ಟ ಮೇಲೆ ಮಗು ಮುಖ ಕಿವುಚಿ ಅತ್ತಿತು. ಅತ್ತೆಯವರು ಕೈಮುಗಿದು ಕುಳಿತುಬಿಟ್ಟರು.

ಮಗು ಚೆನ್ನಾಗಿದೆ. ಆದರೂ ಮರುದಿನ ನಿದ್ದೆ ಬರಲಿಲ್ಲ. ಮುಂದಿನ ಪಾಳಿಯಲ್ಲಿ ನಿಂತ ಗಾಡಿಯಲ್ಲಿ ಅದನ್ನೆಲ್ಲ ಹಾಗೆಯೇ ಮತ್ತೆ ಮಾಡಿ ಮೊಬೈಲಿನಲ್ಲಿ ಸಮಯ ನೋಡಿದೆವು. ಮಾಸ್ಕ್ ಕೇಳಿದಲ್ಲಿಂದ ಕೈಗೆ ಬರುವವರೆಗೆ ಒಂದು ನಿಮಿಷ ಹತ್ತು ಸೆಕೆಂಡು. ನಮ್ಮ ಕೈಯಲ್ಲಿದ್ದ ನಿಮಿಷವೇ ಒಂದು. ಅದು ಪೂರ್ತಿ ಹುಡುಕಾಟಕ್ಕೇ ಹೋಗಿತ್ತು.

ತಪ್ಪು ಯಾರದು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು: ನಾವು ಸಾಮಾನನ್ನು ಜಾತಿವಾರು ಜೋಡಿಸಿದ್ದೆವು. ಅಂಬು ಬ್ಯಾಗುಗಳೆಲ್ಲ ಒಂದೆಡೆ, ಸಿರಿಂಜುಗಳೆಲ್ಲ ಒಂದೆಡೆ, ಬ್ಯಾಂಡೇಜುಗಳೆಲ್ಲ ಒಂದೆಡೆ. ಎಣಿಸುವವರಿಗೆ ಇದು ಸುಲಭ, ಔಷಧಿ ಉಗ್ರಾಣದಲ್ಲಿ ಇದೇ ಸರಿ. ಆದರೆ ರೋಗಿಗೆ ಬರುವುದು ಒಂದು ಘಟನೆ. ಹೆರಿಗೆ ಎಂದರೆ ಕೈಗವಸು, ಹೊಕ್ಕುಳಬಳ್ಳಿಯ ಕ್ಲಾಂಪ್, ಬ್ಲೇಡು, ಒಣ ಬಟ್ಟೆ, ಬಾಯಿ ಹೀರುವ ಕೊಳವೆ, ಶಿಶುವಿನ ಮಾಸ್ಕು, ಎಲ್ಲವೂ ಒಟ್ಟಿಗೆ, ಒಂದೇ ಕಡೆ ಬೇಕು. ಅದೂ ಕಾಲ ಬದಿಯಲ್ಲಿ ಬೇಕು. ಏಕೆಂದರೆ ಮಗು ಬರುವುದು ಅಲ್ಲಿ.

ದೊಡ್ಡವರಿಗೆ ಉಸಿರು ನಿಂತರೆ ನಾವು ಕೂರುವುದು ತಲೆಯ ಬದಿಯ ಸೀಟಿನಲ್ಲಿ. ಆಗ ಅಂಬು ಬ್ಯಾಗ್, ಆಮ್ಲಜನಕದ ಕೊಳವೆ, ಕಫ ಹೀರುವ ಸಕ್ಷನ್ ಯಂತ್ರ ಮೂರೂ ಏಳದೆ ಕೈಗೆಟುಕಬೇಕು. ರಸ್ತೆ ಅಪಘಾತದಲ್ಲಿ ಕೆಲಸ ಗಾಡಿಯ ಹೊರಗೇ ಶುರುವಾಗುತ್ತದೆ. ಕತ್ತಿನ ಪಟ್ಟಿ, ಬೆನ್ನಿನ ಹಲಗೆ, ರಕ್ತ ಒತ್ತಿಹಿಡಿಯುವ ದಪ್ಪ ಬ್ಯಾಂಡೇಜು ಹಿಂಬಾಗಿಲು ತೆರೆದ ತಕ್ಷಣ ಸಿಗಬೇಕು. ರಾಷ್ಟ್ರೀಯ ಆಂಬುಲೆನ್ಸ್ ಸಂಹಿತೆಯಾದ ಎಐಎಸ್-125 ವಾಹನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಂಥ ನಿಯಮಗಳು, ಪಟ್ಟಿಗಳು ಬೇಕೇ ಬೇಕು. ಆದರೆ ಯಾವುದು ಯಾರ ಕೈಗೆ ಎಷ್ಟು ಬೇಗ ಸಿಗಬೇಕೆಂಬುದನ್ನು ಆ ಗಾಡಿಯಲ್ಲಿ ದುಡಿಯುವವರೇ ಕೂತು ತೀರ್ಮಾನಿಸಬೇಕು.

ನಾವು ಹೆಚ್ಚು ಖರ್ಚು ಮಾಡಲಿಲ್ಲ. ಮಂಡ್ಯದ ಪೇಟೆ ಬೀದಿಯಲ್ಲಿ ಬ್ಯಾಗು ಹೊಲಿಯುವವರೊಬ್ಬರು ರೆಕ್ಸಿನ್ನಿನಲ್ಲಿ ಐದು ಚೀಲ ಹೊಲಿದುಕೊಟ್ಟರು. ಮುಂಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಇರಲಿ, ತೆರೆಯದೆಯೇ ಒಳಗಿನದು ಕಾಣಲಿ ಎಂದದ್ದು ಪೈಲಟ್ ಅಣ್ಣ. ಹೆರಿಗೆ, ಉಸಿರು, ರಕ್ತಸ್ರಾವ, ಸುಟ್ಟಗಾಯ, ವಿಷ. ಸುಟ್ಟಗಾಯಕ್ಕೇ ಒಂದು ಚೀಲ ಏಕೆ ಎಂದು ಹೊರಗಿನವರು ಕೇಳಬಹುದು. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಕುದಿಯುವ ಪಾಕ ಮೈಮೇಲೆ ಬಿದ್ದವರನ್ನು ಒಮ್ಮೆ ನೋಡಿದರೆ ಆ ಪ್ರಶ್ನೆ ಏಳುವುದಿಲ್ಲ.

ವಿಷದ ಚೀಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಭಾಗದಲ್ಲಿ ಕೀಟನಾಶಕ ಸೇವಿಸಿದವರು ಸಿಗುತ್ತಲೇ ಇರುತ್ತಾರೆ. ಅವರು ಸೇವಿಸಿದ್ದು ಆರ್ಗನೋಫಾಸ್ಫೇಟಿನಂಥ ಕೀಟನಾಶಕವಾಗಿದ್ದರೆ ಅದರ ಪರಿಣಾಮ ತಡೆಯುವ ಔಷಧಿಯಾದ ಅಟ್ರೋಪಿನ್ ಬೇಕು. ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಮಾತ್ರ ಇರುತ್ತದೆ. ವೈದ್ಯರು ಫೋನಿನಲ್ಲಿ ಮೊದಲ ಪ್ರಮಾಣ ಹೇಳಿದಾಗಲೇ ಮೂರರಿಂದ ಐದು ಆಂಪೂಲು ಒಡೆಯಬೇಕಾಗುತ್ತದೆ, ಆಮೇಲೆ ಪ್ರಮಾಣ ಏರುತ್ತಲೇ ಹೋಗುತ್ತದೆ. ಹಿಂದೆ ನಮ್ಮ ಟ್ರೇಯಲ್ಲಿ ಅಟ್ರೋಪಿನ್ ಮತ್ತು ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಅಕ್ಕಪಕ್ಕದಲ್ಲಿದ್ದವು. ಎರಡೂ ಒಂದೇ ಅಳತೆಯ ಪುಟ್ಟ ಗಾಜಿನ ಆಂಪೂಲುಗಳು, ಎರಡರ ಹೆಸರೂ ಅಕಾರದಿಂದಲೇ. ಓಡುವ ಗಾಡಿಯ ಮಂದ ಬೆಳಕಿನಲ್ಲಿ ಇವನ್ನು ಒಟ್ಟಿಗೆ ಇಡುವುದು ಅಪಾಯವನ್ನು ಕರೆದು ಕೂರಿಸಿದಂತೆ. ಈಗ ಅಟ್ರೋಪಿನ್ ಹತ್ತು ಹತ್ತರ ಕಟ್ಟಾಗಿ, ದೊಡ್ಡ ಸಿರಿಂಜಿನ ಜೊತೆ, ವಿಷದ ಚೀಲದಲ್ಲಿದೆ. ಅಡ್ರಿನಲಿನ್ ಉಸಿರಿನ ಚೀಲದಲ್ಲಿದೆ. ಒಡೆಯುವ ಮುನ್ನ ಹೆಸರನ್ನು ಗಟ್ಟಿಯಾಗಿ ಓದುತ್ತೇನೆ, ಪಕ್ಕದಲ್ಲಿ ಯಾರಿದ್ದರೂ ಅವರಿಂದಲೂ ಓದಿಸುತ್ತೇನೆ.

ನಮ್ಮ ಮೇಲ್ವಿಚಾರಕರಿಗೆ ಈ ಜೋಡಣೆ ಮೊದಲು ಒಪ್ಪಿಗೆಯಾಗಲಿಲ್ಲ. "ಒಂದೇ ವಸ್ತು ಎರಡು ಕಡೆ ಇದ್ದರೆ ಲೆಕ್ಕ ಕೊಡುವುದು ಹೇಗಮ್ಮಾ?" ಎಂದರು. ಅವರ ಕಷ್ಟವೂ ನಿಜವೇ, ರಿಜಿಸ್ಟರಿನಲ್ಲಿ ಒಂದು ವಸ್ತುವಿಗೆ ಒಂದೇ ಸಾಲು. ಸಂಖ್ಯೆ ಇರುವ ಪ್ಲಾಸ್ಟಿಕ್ ಸೀಲು ಇದಕ್ಕೆ ದಾರಿ ಮಾಡಿತು. ಚೀಲ ತುಂಬಿದವರು ಸೀಲು ಹಾಕಿ, ಒಳಗಿರುವ ವಸ್ತುಗಳ ಪಟ್ಟಿಯನ್ನೂ ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಅವಧಿ ಮುಗಿಯುವ ದಿನಾಂಕವನ್ನೂ ಹೊರಗೆ ಬರೆದು ಸಿಕ್ಕಿಸುತ್ತಾರೆ. ಸೀಲು ಮುರಿಯದಿದ್ದರೆ ಚೀಲ ಪೂರ್ತಿ ಇದೆ ಎಂದೇ ಅರ್ಥ. ಪಾಳಿ ಬದಲಾಗುವಾಗ ಅರ್ಧ ಗಂಟೆ ಎಣಿಸುತ್ತಿದ್ದವರು ಈಗ ಐದು ಸೀಲುಗಳ ಸಂಖ್ಯೆ ಬರೆದುಕೊಂಡು, ಉಳಿದ ಸಮಯವನ್ನು ಸೀಲು ಹಾಕಲಾಗದ ವಸ್ತುಗಳಿಗೆ ಕೊಡುತ್ತಾರೆ: ಸಕ್ಷನ್ ಯಂತ್ರ ನಿಜಕ್ಕೂ ಹೀರುತ್ತದೆಯೇ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ, ಆಮ್ಲಜನಕ ಎಷ್ಟಿದೆ.

ಆಮ್ಲಜನಕದ ವಿಷಯಕ್ಕೆ ಬಂದರೆ, ತುಂಬಿದ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಎರಡೂವರೆ ಗಂಟೆ. ಮಾಪಕದ ಮುಳ್ಳು ಕಾಲು ಭಾಗಕ್ಕೆ ಇಳಿದಿದ್ದರೆ ಮುಕ್ಕಾಲು ಗಂಟೆಯೂ ಬರುವುದಿಲ್ಲ. ಆ ಸ್ಥಿತಿಯಲ್ಲಿ ಮಂಡ್ಯದಿಂದ ಮೈಸೂರಿಗೆ ರೋಗಿಯನ್ನು ಒಯ್ಯಲು ನಾನು ಒಪ್ಪುವುದಿಲ್ಲ. ಸಿಲಿಂಡರ್ ತೆರೆಯುವ ಕೀಲಿಯನ್ನು ಸಿಲಿಂಡರಿನ ಕುತ್ತಿಗೆಗೇ ಸರಪಳಿಯಲ್ಲಿ ಕಟ್ಟಿದ್ದೇವೆ. ಅದೊಂದು ಪುಟ್ಟ ಕಬ್ಬಿಣದ ತುಂಡು. ಅದಿಲ್ಲದೆ 1500 ಲೀಟರೂ ಇದ್ದೂ ಇಲ್ಲ.

ದಸರಾ ಕರ್ತವ್ಯ ನನ್ನ ಕಣ್ಣನ್ನು ಇನ್ನಷ್ಟು ತೆರೆಸಿತು. ಜಂಬೂಸವಾರಿಯ ದಿನ ಮೈಸೂರಿನಲ್ಲಿ ನನ್ನನ್ನು ಬೇರೆ ತಾಲ್ಲೂಕಿನ ಗಾಡಿಗೆ ಹಾಕಿದ್ದರು. ಜನಸಂದಣಿಯಲ್ಲಿ ಬಿಸಿಲಿಗೆ ಕುಸಿದ ಅಜ್ಜಿಯೊಬ್ಬರನ್ನು ಮಲಗಿಸಿ ಸಕ್ಕರೆ ಪರೀಕ್ಷಿಸುವ ಗ್ಲುಕೋಮೀಟರಿಗೆ ನಾಲ್ಕು ಕಪಾಟು ತೆರೆದೆ. ಗಾಡಿ ಸ್ವಚ್ಛವಾಗಿತ್ತು, ಸಾಮಾನು ತುಂಬಿತ್ತು, ಆದರೆ ಆ ಜೋಡಣೆ ಅಲ್ಲಿಯ ಸಿಬ್ಬಂದಿಯ ತಲೆಯಲ್ಲಿ ಮಾತ್ರ ಇತ್ತು. ಅಂದು ಪಕ್ಕದಲ್ಲೇ ನಿಂತಿದ್ದ ಅಗ್ನಿಶಾಮಕ ವಾಹನದವರು ತಮ್ಮ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಪ್ರತಿ ಉಪಕರಣದ ಹಿಂದೆ ಅದರದೇ ಆಕಾರವನ್ನು ಬಣ್ಣದಲ್ಲಿ ಬಿಡಿಸಿದ್ದಾರೆ. ವಸ್ತು ಇಲ್ಲದಿದ್ದರೆ ಖಾಲಿ ಆಕಾರವೇ ಎದ್ದು ಕಾಣುತ್ತದೆ. ಅವರ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಕೊಂಡಿಯೂ ದೊಡ್ಡದು, ಒದ್ದೆಯಾದ ದಪ್ಪ ಕೈಗವಸಿನಲ್ಲೇ ತೆರೆಯಬಹುದು. ಬಣ್ಣದ ಆಕಾರದ ಉಪಾಯವನ್ನು ನಾವು ಗೋಡೆಗೆ ಸಿಕ್ಕಿಸುವ ವಸ್ತುಗಳಿಗೆ ಅಳವಡಿಸಿಕೊಂಡೆವು. ನಮ್ಮ ವಲಯದ ಇನ್ನೂ ಎರಡು ಗಾಡಿಗಳನ್ನು ಅಚ್ಚು ಒತ್ತಿದಂತೆ ಒಂದೇ ರೀತಿ ಜೋಡಿಸಲು ಮೇಲ್ವಿಚಾರಕರೇ ಮುಂದೆ ನಿಂತರು.

ಕರೆ ಇಲ್ಲದ ಹೊತ್ತಿನಲ್ಲಿ ನಾವೊಂದು ಅಭ್ಯಾಸ ಮಾಡುತ್ತೇವೆ. ಗಾಡಿಯ ದೀಪ ಆರಿಸಿ ಒಬ್ಬರು ವಸ್ತುವಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಹತ್ತು ಸೆಕೆಂಡಿನಲ್ಲಿ ಕೈಯಾಡಿಸಿ ತೆಗೆಯಬೇಕು. ಪೈಲಟ್ ಅಣ್ಣ ಈಗ ಶಿಶುವಿನ ಮಾಸ್ಕನ್ನು ನಾನು ಹೆಸರು ಹೇಳಿ ಮುಗಿಸುವುದರೊಳಗೆ ತೆಗೆಯುತ್ತಾರೆ. ಹತ್ತು ಸೆಕೆಂಡಿನೊಳಗೆ ಸಿಗದ ವಸ್ತುವಿನ ಜಾಗವನ್ನು ಬದಲಿಸುತ್ತೇವೆ, ತೆಗೆಯಲು ಬಂದವರನ್ನು ದೂರುವುದಿಲ್ಲ.

ತೋಳಿಗೆ ಸುತ್ತುವ ಮಕ್ಕಳ ಬಿ.ಪಿ. ಪಟ್ಟಿ ಮಾತ್ರ ಇನ್ನೂ ಅಲೆದಾಡುತ್ತಿದೆ. ಉಸಿರಿನ ಚೀಲದಲ್ಲಿಟ್ಟರೆ ಚೀಲ ಉಬ್ಬುತ್ತದೆ, ದೊಡ್ಡವರ ಪಟ್ಟಿಯ ಜೊತೆ ಗೋಡೆಗೆ ಸಿಕ್ಕಿಸಿದರೆ ಅವಸರದಲ್ಲಿ ಎರಡೂ ಒಟ್ಟಿಗೆ ಕೈಗೆ ಬರುತ್ತವೆ. ನಿಮ್ಮ ಗಾಡಿಯಲ್ಲಿ ಅದಕ್ಕೆ ಒಳ್ಳೆಯ ಜಾಗ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ, ಮುಂದಿನ ಪಾಳಿಯಲ್ಲೇ ಪರೀಕ್ಷಿಸುತ್ತೇವೆ.